ಕಡಲಾಚೆಯ ಒಡೆಯ ಮತ್ತು ಇಳಿಬೆಲೆಯ ಕಾಲದ ಕಾಫಿ ತೋಟ: ಮಾರಾಟವೋ, ಗುತ್ತಿಗೆಯೋ?

1. ವಿಷಯ ಪ್ರವೇಶ

ಸ್ಥಿರಾಸ್ತಿಯೊಂದು ಒಂದು ದೇಶದಲ್ಲಿದ್ದು ಅದರ ಒಡೆಯನು ಇನ್ನೊಂದು ದೇಶದಲ್ಲಿ ನೆಲೆಸಿರುವಾಗ, ಆ ಆಸ್ತಿಯ ಬೆಲೆ ಕುಸಿಯುವ ಕಾಲದಲ್ಲಿ ಅವನ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಸಿಕ್ಕಿದ ಬೆಲೆಗೆ ಮಾರಿ ಕೈತೊಳೆದುಕೊಳ್ಳುವುದು ಒಂದು. ಗುತ್ತಿಗೆಗೆ ಕೊಟ್ಟು ಒಳ್ಳೆಯ ಕಾಲಕ್ಕಾಗಿ ಕಾಯುವುದು ಇನ್ನೊಂದು. ಪಟ್ಟಣದ ಮನೆಯ ವಿಷಯದಲ್ಲಿ ಈ ಪ್ರಶ್ನೆ ಸರಳ. ಬೀಗ ಹಾಕಿಟ್ಟ ಮನೆ ಹತ್ತು ವರ್ಷವಾದರೂ ಮನೆಯಾಗಿಯೇ ಉಳಿಯುತ್ತದೆ. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಮಲೆಗಳಲ್ಲಿ ಆಸ್ತಿಯೆಂದರೆ ಕಾಫಿಯ ತೋಟ. ಅದು ಜೀವವುಳ್ಳ ಆಸ್ತಿ. ಎರಡು ಮಳೆಗಾಲ ಆರೈಕೆ ತಪ್ಪಿದರೆ ಅದರ ಬೆಲೆ ಮಾತ್ರವಲ್ಲ, ಅದರ ಸ್ವರೂಪವೇ ಬದಲಾಗುತ್ತದೆ.

ಈ ಪ್ರದೇಶದಲ್ಲಿ ಪರದೇಶವಾಸಿ ಒಡೆತನವು ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ತೋಟ ಇಲ್ಲಿದ್ದು ಒಡೆಯನು ಇಂಗ್ಲೆಂಡಿನಲ್ಲಿಯೋ ಸ್ಕಾಟ್ಲೆಂಡಿನಲ್ಲಿಯೋ ಇರುತ್ತಿದ್ದನು. ಇಂದು ಅದೇ ತೋಟಕ್ಕೆ ಅಮೆರಿಕದಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ಉದ್ಯೋಗದಲ್ಲಿರುವ ಮಲೆನಾಡಿನ ಮಗನೋ ಮಗಳೋ ವಾರಸುದಾರರಾಗಿರುತ್ತಾರೆ. ಜನ ಬದಲಾದರೂ ಸಮಸ್ಯೆಯ ಆರ್ಥಿಕ ಸ್ವರೂಪ ಬಹುಮಟ್ಟಿಗೆ ಒಂದೇ ಆಗಿದೆ. ಅದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಬೆಲೆ, ಬಂಡವಾಳ, ವಿನಿಮಯ, ಗೇಣಿ ಎಂಬ ನಾಲ್ಕು ಪ್ರಕರಣಗಳೂ ಇದೊಂದೇ ಉದಾಹರಣೆಯಲ್ಲಿ ಒಟ್ಟಿಗೆ ದೊರೆಯುವುದರಿಂದ ಇದು ಅಧ್ಯಯನಕ್ಕೆ ಯೋಗ್ಯವೆಂದು ನಾವು ಭಾವಿಸುತ್ತೇವೆ.

2. ಹಿಂದಿನ ಇಳಿಬೆಲೆಗಳು

ಬಾಬಾಬುಡನ್ ಗಿರಿಗೆ ಹದಿನೇಳನೆಯ ಶತಮಾನದಲ್ಲಿ ಏಳು ಕಾಫಿ ಬೀಜಗಳು ಬಂದ ಐತಿಹ್ಯ ಎಲ್ಲರಿಗೂ ತಿಳಿದುದೇ. ಐರೋಪ್ಯರ ತೋಟಗಾರಿಕೆ ಮಾತ್ರ 1830ರ ಸುಮಾರಿಗೆ ಕ್ಯಾನನ್ ಎಂಬಾತನು ಆ ಗಿರಿಶ್ರೇಣಿಯ ದಕ್ಷಿಣಕ್ಕೆ ತೋಟ ಹಾಕಿದಂದಿನಿಂದ ಮೊದಲಾಯಿತು. ಮುಂದೆ ಬಂದವರಲ್ಲಿ ರಾಬರ್ಟ್ ಎಲಿಯಟ್ ಎಂಬಾತನು ನಮ್ಮ ವಿಷಯಕ್ಕೆ ವಿಶೇಷವಾಗಿ ಸಲ್ಲುತ್ತಾನೆ. 1850ರ ದಶಕದಲ್ಲಿ ಮೂಡಿಗೆರೆಗೆ ನೆರೆಯ ಮಂಜರಾಬಾದ್ ಸೀಮೆಯಲ್ಲಿ ತೋಟ ಮಾಡಿದ ಈತನು ಸ್ಕಾಟ್ಲೆಂಡಿನ ಕ್ಲಿಫ್ಟನ್ ಪಾರ್ಕಿನಲ್ಲಿಯೂ ಜಮೀನ್ದಾರನಾಗಿದ್ದನು. ಅಲ್ಲಿಯ ಬೇಸಾಯ ಪದ್ಧತಿಯ ಬಗ್ಗೆಯೂ ಗ್ರಂಥ ಬರೆದನು. 1894ರಲ್ಲಿ ಪ್ರಕಟವಾದ 'ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್' ಎಂಬ ಅವನ ಪುಸ್ತಕವು ಬೇಟೆಯ ವೃತ್ತಾಂತಗಳ ನಡುವೆಯೇ ಕಾಫಿ ತೋಟದ ಮೌಲ್ಯಮಾಪನವನ್ನೂ ಚರ್ಚಿಸುತ್ತದೆ. ಎರಡು ದೇಶಗಳಲ್ಲಿ ಭೂಮಿಯುಳ್ಳವನಿಗೆ ಮೌಲ್ಯಮಾಪನದ ಪ್ರಶ್ನೆ ಬರಿಯ ಕುತೂಹಲದ್ದಾಗಿರಲಿಲ್ಲ.

ಅಂದಿನಿಂದ ಇಂದಿನವರೆಗೆ ಈ ಮಲೆಗಳು ಕಂಡ ದುಃಸ್ಥಿತಿಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಗಿಡದ ರೋಗದಿಂದ ಬಂದುದು. 1860ರ ದಶಕದಲ್ಲಿ ಕಾಂಡಕೊರಕ ಹುಳುವೂ, 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಬೇಗನೆ ದಕ್ಷಿಣ ಭಾರತವನ್ನು ಮುಟ್ಟಿದ ಎಲೆ ತುಕ್ಕು ರೋಗವೂ ತೋಟಗಳನ್ನು ಹಾಳುಗೆಡವಿದವು. ಸಿಂಹಳದಲ್ಲಿ ಕಾಫಿಯೇ ಅಳಿದು ಅದರ ಜಾಗಕ್ಕೆ ಚಹ ಬಂದಿತು. ಎರಡನೆಯದು ಪೇಟೆಯ ಧಾರಣೆಯಿಂದ ಬಂದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರೆಜಿಲ್ಲಿನ ಅತ್ಯುತ್ಪಾದನೆ, 1930ರ ದಶಕದ ಜಾಗತಿಕ ಮುಗ್ಗಟ್ಟು, 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಪಾಲುಗಳು ಮುರಿದುಬಿದ್ದುದು, 2001–02ರ ಕುಸಿತ: ಇವು ನಾಲ್ಕೂ ಆ ವರ್ಗಕ್ಕೆ ಸೇರಿದವು. 2001ರಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಘಟನೆಯ ಸಮ್ಮಿಶ್ರ ಸೂಚಕ ಬೆಲೆಯು ಪೌಂಡು ತೂಕಕ್ಕೆ 45 ಅಮೆರಿಕನ್ ಸೆಂಟುಗಳ ಸುಮಾರಿಗೆ ಇಳಿದಿತ್ತು. ವಿಯೆಟ್ನಾಮಿನ ರೊಬಸ್ಟ ಬೆಳೆಯ ತೀವ್ರ ವಿಸ್ತರಣೆ ಅದಕ್ಕೊಂದು ಮುಖ್ಯ ಕಾರಣ.

ಈ ಎರಡು ಬಗೆಗಳ ಭೇದವನ್ನು ಮನಸ್ಸಿನಲ್ಲಿಡುವುದು ಅವಶ್ಯ. ಪೇಟೆಯಿಂದ ಬಂದ ಇಳಿತವು ಒಂದಲ್ಲ ಒಂದು ದಿನ ಪೇಟೆಯಿಂದಲೇ ಗುಣವಾಗುತ್ತದೆ. 2025ರ ಫೆಬ್ರುವರಿಯಲ್ಲಿ ಅರೇಬಿಕ ಕಾಫಿಯು ನ್ಯೂಯಾರ್ಕ್ ಪೇಟೆಯಲ್ಲಿ ಪೌಂಡು ತೂಕಕ್ಕೆ 4 ಡಾಲರನ್ನೂ ಮೀರಿತು. 2001ರಲ್ಲಿ ತೋಟ ಮಾರಿದವರು ಇದನ್ನು ಊಹಿಸಿರಲಾರರು. ಆದರೆ ಗಿಡವೇ ಸತ್ತ ತೋಟಕ್ಕೆ ಧಾರಣೆ ಏರಿದರೂ ಪ್ರಯೋಜನವಿಲ್ಲ. ಕಾಯುವವನು ಧಾರಣೆಗಾಗಿ ಕಾಯಬಹುದು. ಗಿಡವು ಅವನಿಗಾಗಿ ಕಾಯುವುದಿಲ್ಲ.

3. ಕೊಳ್ಳುವವರು ಏಕೆ ಮಾಯವಾಗುತ್ತಾರೆ

ಧಾರಣೆ ಸ್ವಲ್ಪ ಇಳಿದಾಗ ತೋಟದ ಬೆಲೆ ಬಹಳ ಇಳಿಯುವುದೇಕೆ? ಲೆಕ್ಕದ ಸೌಕರ್ಯಕ್ಕಾಗಿ ಒಂದು ಕಲ್ಪಿತ ತೋಟವನ್ನು ತೆಗೆದುಕೊಳ್ಳೋಣ. ಎಕರೆಗೆ ಫಸಲಿನ ಹುಟ್ಟುವಳಿ 1,00,000 ರೂಪಾಯಿ, ಖರ್ಚು 80,000 ರೂಪಾಯಿ, ನಿವ್ವಳ ಆದಾಯ 20,000 ರೂಪಾಯಿ ಎಂದಿರಲಿ. ಧಾರಣೆಯು ಶೇಕಡ 15ರಷ್ಟು ಇಳಿಯಿತೆನ್ನೋಣ. ಹುಟ್ಟುವಳಿ 85,000ಕ್ಕೆ ಇಳಿಯಿತು. ಆದರೆ ಮರಗಸಿ, ಗಿಡಗಸಿ, ಕಳೆ, ಗೊಬ್ಬರ, ಬೋರ್ಡೋ ಸಿಂಪಡಣೆ, ಕೊಯ್ಲು, ಆಳುಗಳ ಕೂಲಿ ಇವಾವುವೂ ಧಾರಣೆಯೊಡನೆ ಇಳಿಯುವುದಿಲ್ಲ. ಹೀಗಾಗಿ ನಿವ್ವಳ ಆದಾಯವು 5,000 ರೂಪಾಯಿಗೆ ಬರುತ್ತದೆ. ಧಾರಣೆ ಶೇಕಡ 15 ಇಳಿದರೆ ಆದಾಯ ಶೇಕಡ 75 ಇಳಿಯಿತು! ತೋಟದ ಬೆಲೆಯನ್ನು ಅದರ ಆದಾಯದಿಂದಲೇ ಗಣಿಸುವ ಕೊಳ್ಳುಗನು ಹಿಂದಿನ ಬೆಲೆಯ ಕಾಲುಭಾಗವನ್ನು ಮಾತ್ರ ಕೊಡಲು ಒಪ್ಪುತ್ತಾನೆ.

ಮಾರುವವನಾದರೋ ಅದೇ ಲೆಕ್ಕವನ್ನು ಒಪ್ಪುವುದಿಲ್ಲ. ಇಂದಿನ ಆದಾಯ ತಾತ್ಕಾಲಿಕವೆಂದು ಅವನ ವಾದ. ತೋಟದಲ್ಲಿ ಕಾಫಿಯಲ್ಲದೆ ಮೆಣಸಿದೆ, ಸಿಲ್ವರ್ ಓಕ್ ಮರಗಳಿವೆ, ಕಳಸದ ಕಡೆಯಾದರೆ ಅಡಕೆಯೂ ಇದೆ ಎಂದು ಅವನು ತೋರಿಸುತ್ತಾನೆ. ಇಬ್ಬರ ಎಣಿಕೆಗಳ ನಡುವಣ ಅಂತರ ಹಿರಿದಾದಾಗ ವ್ಯವಹಾರವೇ ನಿಂತುಹೋಗುತ್ತದೆ. ಆದುದರಿಂದ ಭೂಮಿಯ ಪೇಟೆಯಲ್ಲಿ ಮುಗ್ಗಟ್ಟಿನ ಮೊದಲ ಲಕ್ಷಣವು ಬೆಲೆ ಇಳಿಯುವುದಲ್ಲ, ನೋಂದಣಿಯಾಗುವ ಕ್ರಯಪತ್ರಗಳ ಸಂಖ್ಯೆ ಇಳಿಯುವುದು. ಆಗಲೂ ಮಾರಿದವರು ಯಾರೆಂದರೆ ಬೇರೆ ದಾರಿಯೇ ಇಲ್ಲದವರು: ಸಾಲಗಾರರು, ಪಾಲು ಒಡೆಯಬೇಕಾದವರು, ಮತ್ತು ದೂರದಲ್ಲಿದ್ದು ತೋಟ ನೋಡಿಕೊಳ್ಳಲಾರದವರು. ಹೀಗೆ ಅವಸರದಲ್ಲಿ ಆದ ನಾಲ್ಕಾರು ವ್ಯವಹಾರಗಳ ಬೆಲೆಯೇ ಊರಿನ ಬೆಲೆಯೆಂದು ಎಣಿಸಲ್ಪಡುತ್ತದೆ.

ಸ್ಥಳೀಯನಾದ ಸಣ್ಣ ಬೆಳೆಗಾರನಿಗೂ ಕಡಲಾಚೆಯ ಒಡೆಯನಿಗೂ ಇಲ್ಲಿ ಮುಖ್ಯ ವ್ಯತ್ಯಾಸವಿದೆ. ಕಾಫಿ ಮಂಡಳಿಯ ಎಣಿಕೆಯಲ್ಲಿ 10 ಹೆಕ್ಟೇರಿನವರೆಗಿನ ಹಿಡುವಳಿಗಳು ಸಣ್ಣವು. ದೇಶದ ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ ಇಂಥವೇ. ಸಣ್ಣ ಬೆಳೆಗಾರನು ಕೆಟ್ಟ ವರ್ಷದಲ್ಲಿ ಮನೆಯವರ ದುಡಿಮೆಯಿಂದಲೇ ಕೆಲಸ ತೂಗಿಸಿ ಖರ್ಚನ್ನು ಕುಗ್ಗಿಸಿಕೊಳ್ಳುತ್ತಾನೆ. ಕಡಲಾಚೆಯ ಒಡೆಯನು ರೈಟರು, ಮೇಸ್ತ್ರಿ, ಆಳು ಎಲ್ಲಕ್ಕೂ ಹಣ ಕೊಡಲೇಬೇಕು. ಅವನಿಗೆ ತೋಟವು ಮೊದಲು ನಷ್ಟ ತರುತ್ತದೆ. ಅವನೇ ಮೊದಲು ಮಾರಲು ಹೊರಡುತ್ತಾನೆ.

4. ವಿನಿಮಯದ ಪಾತ್ರ

ಪರದೇಶವಾಸಿಗೆ ತೋಟದ ಬೆಲೆ ರೂಪಾಯಿಯಲ್ಲಿ ಎಷ್ಟಾಯಿತೆಂಬುದು ಅರ್ಧ ಉತ್ತರ ಮಾತ್ರ. ತನ್ನ ದೇಶದ ನಾಣ್ಯದಲ್ಲಿ ಎಷ್ಟಾಯಿತೆಂಬುದೇ ಅವನಿಗೆ ಮುಖ್ಯ. ಸ್ವಾತಂತ್ರ್ಯಾನಂತರ ಬ್ರಿಟಿಷ್ ತೋಟಗಾರರು ತಮ್ಮ ತೋಟಗಳನ್ನು ಭಾರತೀಯರಿಗೆ ಮಾರಿ ತೆರಳಿದ ಕಾಲವು ಇದಕ್ಕೆ ಸ್ಪಷ್ಟ ನಿದರ್ಶನ. ರೂಪಾಯಿಗೆ 1 ಷಿಲಿಂಗ್ 6 ಪೆನ್ಸ್ ಎಂಬ ದರವಿದ್ದಾಗ 1 ಲಕ್ಷ ರೂಪಾಯಿಗೆ 7,500 ಪೌಂಡು ಬರುತ್ತಿತ್ತು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ ಪೌಂಡಿಗೆ 21 ರೂಪಾಯಿಯಾಯಿತು. ಅದೇ 1 ಲಕ್ಷಕ್ಕೆ ಆಗ ಸುಮಾರು 4,762 ಪೌಂಡು ಮಾತ್ರ. ಮೇ ತಿಂಗಳಲ್ಲಿ ಮಾರಿ ಹಣ ಕಳುಹಿಸಿದವನಿಗೂ ಜೂನ್ ಕಳೆದು ಮಾರಿದವನಿಗೂ ಬೆಲೆ ಒಂದೇ ಆಗಿದ್ದರೂ ಕೈಗೆ ಬಂದ ಹಣದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನ ವ್ಯತ್ಯಾಸವುಂಟಾಯಿತು.

ಆದರೆ ಇದಕ್ಕೆ ಇನ್ನೊಂದು ಮುಖವೂ ಉಂಟು. ಕಾಫಿ ರಫ್ತಾಗುವ ಪದಾರ್ಥ. ರೂಪಾಯಿಯ ಬೆಲೆ ಇಳಿದಾಗ ವಿದೇಶೀ ಧಾರಣೆ ಸ್ಥಿರವಾಗಿದ್ದರೂ ಬೆಳೆಗಾರನಿಗೆ ದೊರೆಯುವ ರೂಪಾಯಿ ಹೆಚ್ಚುತ್ತದೆ. ಆದ್ದರಿಂದ ಪಟ್ಟಣದ ಮನೆಯ ಒಡೆಯನಿಗಿಲ್ಲದ ಒಂದು ಸ್ವಾಭಾವಿಕ ರಕ್ಷಣೆ ತೋಟದ ಒಡೆಯನಿಗೆ ಸ್ವಲ್ಪಮಟ್ಟಿಗೆ ಇದೆ. ತೋಟವನ್ನು ಮಾರಿ ಹಣವನ್ನು ರೂಪಾಯಿಯ ಠೇವಣಿಯಲ್ಲಿ ಇಟ್ಟವನು ಈ ರಕ್ಷಣೆಯನ್ನೂ ಕಳೆದುಕೊಳ್ಳುತ್ತಾನೆ.

5. ಕಾನೂನಿನ ಎಲ್ಲೆಗಳು

1973ರ ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆಯು ವಿದೇಶೀಯರು ಭಾರತದಲ್ಲಿ ಸ್ಥಿರಾಸ್ತಿ ಹೊಂದುವುದಕ್ಕೂ ಪರಭಾರೆ ಮಾಡುವುದಕ್ಕೂ ರಿಸರ್ವ್ ಬ್ಯಾಂಕಿನ ಅನುಮತಿಯನ್ನು ಕಡ್ಡಾಯಗೊಳಿಸಿತ್ತು. ಆ ಕಾಯಿದೆಯ ಸ್ಥಾನದಲ್ಲಿ 1999ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆ ಬಂದಿದೆ. ಅದರ ಅಡಿಯ ನಿಯಮಗಳಂತೆ ಅನಿವಾಸಿ ಭಾರತೀಯರು ಪಟ್ಟಣದಲ್ಲಿ ಮನೆ ಕೊಳ್ಳಬಹುದು. ಕೃಷಿಭೂಮಿ, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಮಾತ್ರ ಇಟ್ಟುಕೊಳ್ಳಬಹುದು. ಭಾರತದಲ್ಲಿ ವಾಸವಾಗಿದ್ದಾಗ ಕೊಂಡಿದ್ದುದನ್ನೂ ಮುಂದುವರಿಸಬಹುದು. ಮಾರುವಾಗ ಭಾರತದ ನಿವಾಸಿಗೇ ಮಾರಬೇಕು.

ಇದರ ಆರ್ಥಿಕ ಪರಿಣಾಮವನ್ನು ಗಮನಿಸಬೇಕು. ಹೊರದೇಶದಲ್ಲಿರುವ ಒಡೆಯನು ತನ್ನಂತೆಯೇ ಹೊರದೇಶದಲ್ಲಿ ಹಣವುಳ್ಳವನಿಗೆ ತೋಟ ಮಾರುವಂತಿಲ್ಲ. ಸ್ಥಳೀಯ ಕೊಳ್ಳುಗರ ಕೈಯಲ್ಲಿ ಹಣವಿಲ್ಲದ ಕಾಲದಲ್ಲಿ, ಅಂದರೆ ಕಾಫಿಯ ಇಳಿಬೆಲೆಯ ಕಾಲದಲ್ಲಿಯೇ, ಈ ಎಲ್ಲೆ ಅತ್ಯಂತ ಬಿಗಿಯಾಗುತ್ತದೆ. ಒಮ್ಮೆ ಮಾರಿದ ಮೇಲೆ ಅನಿವಾಸಿಯಾಗಿರುವವರೆಗೆ ಪುನಃ ಕೊಳ್ಳುವ ದಾರಿಯೂ ಇಲ್ಲ. ಆದಕಾರಣ ಅವನ ಮಾರಾಟವು ಹಿಂದಿರುಗಲಾರದ ಹೆಜ್ಜೆ. ಹಿಂದಿರುಗಲಾರದ ಹೆಜ್ಜೆಯನ್ನು ಇಡುವ ಮುನ್ನ ಕಾಯುವುದಕ್ಕೆ ತನ್ನದೇ ಆದ ಬೆಲೆಯುಂಟೆಂಬುದು ಅರ್ಥಶಾಸ್ತ್ರದ ಒಂದು ಸ್ಥಾಪಿತ ವಿಚಾರ.

ಮಾರಾಟದ ಹಣವನ್ನು ಅನಿವಾಸಿ ಸಾಮಾನ್ಯ ಖಾತೆಯಿಂದ, ತೆರಿಗೆಯ ವಿಧಿಗಳನ್ನು ಪೂರೈಸಿ, ಹಣಕಾಸಿನ ವರ್ಷವೊಂದಕ್ಕೆ 10 ಲಕ್ಷ ಡಾಲರಿನವರೆಗೆ ಹೊರಕ್ಕೆ ಕಳುಹಿಸಬಹುದು. ಪಟ್ಟಣದ ಎಲ್ಲೆಯಿಂದ ನಿಯಮಿತ ದೂರದಾಚೆಗಿನ ಗ್ರಾಮೀಣ ಕೃಷಿಭೂಮಿಯು ಆದಾಯ ತೆರಿಗೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿಯೆನಿಸದು. ಆದರೂ ಬಂಗಲೆ ಮುಂತಾದ ಕಟ್ಟಡಗಳ ಬೆಲೆಯನ್ನು ಬೇರೆಯಾಗಿ ನೋಡಬೇಕಾಗಬಹುದು.

ದೂರದಿಂದ ನಡೆಯುವ ವ್ಯವಹಾರದಲ್ಲಿ ಮುಖ್ತ್ಯಾರುನಾಮೆಗೆ ವಿಶೇಷ ಮಹತ್ವ. ವಿದೇಶದಲ್ಲಿ ಬರೆದುಕೊಟ್ಟ ಪತ್ರವು ಅಲ್ಲಿಯ ನೋಟರಿಯ ಅಥವಾ ಭಾರತದ ರಾಯಭಾರ ಕಚೇರಿಯ ಅಧಿಕಾರಿಯ ಮುಂದೆ ಆಗಿರಬೇಕು. ಭಾರತಕ್ಕೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಸಲ್ಲಿಸಬೇಕು. ಕೇವಲ ಮುಖ್ತ್ಯಾರುನಾಮೆಯ ಮೂಲಕ ನಡೆದ 'ಮಾರಾಟ'ದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ನಿರ್ಣಯಿಸಿದೆ. ಮಾರುವ ಅಧಿಕಾರವನ್ನೂ ನೋಡಿಕೊಳ್ಳುವ ಅಧಿಕಾರವನ್ನೂ ಒಂದೇ ಪತ್ರದಲ್ಲಿ ಒಬ್ಬನಿಗೇ ಕೊಡದಿರುವುದು ಮೇಲು.

ಮಲೆನಾಡಿನಲ್ಲಿ ಇನ್ನೊಂದು ತೊಡಕುಂಟು. ಬೇಲಿಯೊಳಗಿನ ನೆಲವೆಲ್ಲ ಪಹಣಿಯಲ್ಲಿರುವುದಿಲ್ಲ. ಹಳೆಯ ಹಿಡುವಳಿಯ ಅಂಚಿನಲ್ಲಿ ಸರ್ಕಾರಿ ಜಮೀನಿನ ಒತ್ತುವರಿ ಸೇರಿಕೊಂಡಿರುವುದು ಅಪರೂಪವಲ್ಲ. ಇಂಥ ತೋಟಭೂಮಿಯನ್ನು ಸಾಗುವಳಿದಾರರಿಗೆ ಗರಿಷ್ಠ 25 ಎಕರೆಯವರೆಗೆ 30 ವರ್ಷಗಳ ಗುತ್ತಿಗೆಗೆ ಕೊಡುವ ಏರ್ಪಾಟು ರಾಜ್ಯದಲ್ಲಿ ಈಚೆಗೆ ಬಂದಿದೆ. ಆದರೆ ಗುತ್ತಿಗೆಯ ನೆಲ ಸ್ವಂತದ ನೆಲವಲ್ಲ. ಒಳ್ಳೆಯ ಕಾಲದಲ್ಲಿ ಕೊಳ್ಳುಗನು ಇದನ್ನು ಕಂಡೂ ಕಾಣದಂತಿರುತ್ತಾನೆ. ಇಳಿಬೆಲೆಯ ಕಾಲದಲ್ಲಿ ಇದೇ ಚೌಕಾಸಿಯ ಮೊದಲ ಅಸ್ತ್ರವಾಗುತ್ತದೆ. ಪೋಡಿ, ಸರ್ವೆ, ಖಾತೆಗಳನ್ನು ಮಾರಾಟಕ್ಕೆ ವರ್ಷ ಮೊದಲೇ ಸರಿಪಡಿಸಿಕೊಂಡ ಒಡೆಯನಿಗೆ ಆ ಖರ್ಚು ಹಲವು ಪಟ್ಟಾಗಿ ಹಿಂದಿರುಗುತ್ತದೆ.

6. ಗುತ್ತಿಗೆಯ ಬಗೆಗಳೂ ಅದರ ಅಪಾಯಗಳೂ

ಮಾರಲು ಮನಸ್ಸಿಲ್ಲದವನಿಗೆ ಗುತ್ತಿಗೆಯೇ ಗತಿ. ನಮ್ಮ ಮಲೆಗಳಲ್ಲಿ ಮೂರು ಬಗೆಯ ರೂಢಿಯನ್ನು ಗುರುತಿಸಬಹುದು. ಮೊದಲನೆಯದು ಮೆಣಸಿನ ಗುತ್ತಿಗೆ. ಬಳ್ಳಿಯ ಮೇಲಣ ಫಸಲನ್ನು ಅಂದಾಜು ಮಾಡಿ, ಮುಂಗಡ ಕೊಟ್ಟು, ಗುತ್ತಿಗೆದಾರನು ತನ್ನ ಆಳುಗಳಿಂದಲೇ ಕೊಯ್ಯಿಸಿಕೊಳ್ಳುತ್ತಾನೆ. ಎರಡನೆಯದು ಆ ವರ್ಷದ ಕಾಫಿ ಫಸಲಿನ ಮಾರಾಟ. ಮೂರನೆಯದು ಇಡೀ ತೋಟವನ್ನೇ ಕೆಲವು ವರ್ಷಗಳಿಗೆ ಒಪ್ಪಿಸುವುದು. ಒಂದು ವರ್ಷಕ್ಕೆ ಮೀರಿದ ಸ್ಥಿರಾಸ್ತಿಯ ಗುತ್ತಿಗೆಗೆ ನೋಂದಣಿ ಕಡ್ಡಾಯ. ತೋಟದೊಳಗೆ ಗದ್ದೆಯೂ ಇದ್ದರೆ ಹೆಚ್ಚಿನ ಎಚ್ಚರ ಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಜಮೀನನ್ನು ಸರ್ಕಾರಕ್ಕೆ ವಹಿಸಿ ಗೇಣಿದಾರರಿಗೆ ಹಕ್ಕು ಕೊಟ್ಟಿತು. ಕೃಷಿಭೂಮಿಯ ಹೊಸ ಗೇಣಿಯನ್ನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸಿತು. ಕಾಫಿ, ಏಲಕ್ಕಿ, ಮೆಣಸು, ಚಹ, ರಬ್ಬರ್ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ಇದೆಯೆಂದ ಮಾತ್ರಕ್ಕೆ ಗದ್ದೆಗೂ ಅದು ಸಲ್ಲುವುದೆಂದು ಭಾವಿಸಬಾರದು.

ಗುತ್ತಿಗೆಯ ನಿಜವಾದ ಅಪಾಯ ಕಾನೂನಿನದಲ್ಲ, ಗಿಡದ ಸ್ವಭಾವದ್ದು. ಕಾಫಿ ಗಿಡವು ಹಿಂದಿನ ವರ್ಷ ಬೆಳೆದ ರೆಂಬೆಯ ಮೇಲೆ ಫಲ ಬಿಡುತ್ತದೆ. ಅಂದರೆ ಈ ವರ್ಷದ ಕಸಿಯ ಫಲ ಮುಂದಿನ ವರ್ಷದವನದು. ಒಂದೇ ವರ್ಷದ ಗುತ್ತಿಗೆದಾರನು ಮುಂದಿನವನಿಗಾಗಿ ಕಸಿಗೆ ಹಣ ಸುರಿಯುವುದೇಕೆ? ನೆರಳಿನ ವಿಷಯವೂ ಹೀಗೆಯೇ. ಮರಗಸಿಯನ್ನು ಅತಿಯಾಗಿ ಮಾಡಿ ಬಿಸಿಲು ಬಿಟ್ಟರೆ ತತ್ಕಾಲಕ್ಕೆ ಫಸಲು ಹೆಚ್ಚೀತು. ಆದರೆ ಬಿಸಿಲು ಬಿದ್ದ ಅರೇಬಿಕ ಕಾಂಡವನ್ನು ಬಿಳಿ ಕಾಂಡಕೊರಕ ಹುಳು ಹುಡುಕಿಕೊಂಡು ಬರುತ್ತದೆ. ಅತಿ ಫಸಲಿನಿಂದ ರೆಂಬೆಗಳು ಒಣಗುತ್ತವೆ. ಹುಳು ಹಿಡಿದ ಗಿಡವನ್ನು ಹುಡುಕಿ ಕಿತ್ತು ಸುಡುವುದು ಕೂಲಿಯ ಕೆಲಸ; ಗುತ್ತಿಗೆದಾರನಿಗೆ ಅದರಿಂದ ಲಾಭವಿಲ್ಲ. ಹೊಸ ಗಿಡ ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು. ಆದಾಯವನ್ನು ಗುತ್ತಿಗೆದಾರನು ಉಣ್ಣುತ್ತಾನೆ. ಬಂಡವಾಳದ ನಷ್ಟವನ್ನು ಕಡಲಾಚೆಯ ಒಡೆಯನು ಉಣ್ಣುತ್ತಾನೆ. ಹುಳು ಹಿಡಿದ ತೋಟದಿಂದ ಹುಳು ನೆರೆಯ ಸಣ್ಣ ಬೆಳೆಗಾರನ ತೋಟಕ್ಕೂ ಹಾರುವುದರಿಂದ ನಷ್ಟವು ಒಡೆಯನೊಬ್ಬನದಾಗಿಯೂ ಉಳಿಯದು.

ಇಲ್ಲಿ ಇನ್ನೊಂದು ಐತಿಹಾಸಿಕ ಸಂಗತಿಯನ್ನು ಸೇರಿಸಬೇಕು. 1942ರ ಕಾಫಿ ಕಾಯಿದೆಯ ಅಡಿಯಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ಮಂಡಳಿಯ ಸಾಮೂಹಿಕ ನಿಧಿಗೆ, ಎಂದರೆ 'ಪೂಲ್'ಗೆ, ಒಪ್ಪಿಸಬೇಕಾಗಿತ್ತು. 1990ರ ದಶಕದ ಆದಿಯಿಂದ ಈ ಕಟ್ಟು ಸಡಿಲಗೊಳ್ಳುತ್ತ ಬಂದು 1996ರಲ್ಲಿ ಪೂರ್ಣವಾಗಿ ತೆಗೆದುಹಾಕಲ್ಪಟ್ಟಿತು. ಪೂಲಿನ ಕಾಲದಲ್ಲಿ ಹಣ ಕಂತುಗಳಲ್ಲಿ ತಡವಾಗಿ ಬರುತ್ತಿತ್ತೆಂಬ ದೂರು ಇತ್ತು. ಆದರೆ ತೋಟದಿಂದ ಹೊರಟ ಫಸಲಿಗೆ ಸರ್ಕಾರಿ ರಸೀತಿಯೇ ಸಾಕ್ಷಿಯಾಗಿತ್ತು. ದೂರದಲ್ಲಿದ್ದ ಒಡೆಯನು ಆ ಕಾಗದದಿಂದ ತನ್ನ ತೋಟದ ಸ್ಥಿತಿಯನ್ನು ಅಳೆಯಬಹುದಾಗಿತ್ತು. ಮುಕ್ತ ಮಾರಾಟದಲ್ಲಿ ಬೆಳೆಗಾರನಿಗೆ ಸ್ವಾತಂತ್ರ್ಯ ಬಂದಿತು. ದೂರದ ಒಡೆಯನಿಗೆ ಆ ಸಾಕ್ಷಿ ತಪ್ಪಿತು.

7. ತುಲನೆಯ ಲೆಕ್ಕ

ಈಗ ಎರಡು ದಾರಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗೋಣ. ಅಂಕಿಗಳು ಕಲ್ಪಿತವಾದುವು, ತೂಗುವ ಕ್ರಮ ಮುಖ್ಯ. ಇಂದು ಎಕರೆಗೆ 10 ಲಕ್ಷ ರೂಪಾಯಿ ಸಿಕ್ಕುತ್ತದೆ. 4 ವರ್ಷಗಳ ಬಳಿಕ 14 ಲಕ್ಷ ಸಿಕ್ಕೀತೆಂಬ ನಿರೀಕ್ಷೆಯಿದೆ. ಗುತ್ತಿಗೆಯಿಂದ ವರ್ಷಕ್ಕೆ 20,000 ರೂಪಾಯಿ ಬರುತ್ತದೆ. ಬಡ್ಡಿ ಶೇಕಡ 7 ಎಂದಿರಲಿ.

ಇಂದೇ ಮಾರಿ ಠೇವಣಿಯಿಟ್ಟರೆ ಚಕ್ರಬಡ್ಡಿಯಿಂದ 4 ವರ್ಷಕ್ಕೆ ಸುಮಾರು 13.11 ಲಕ್ಷವಾಗುತ್ತದೆ. ಕಾದರೆ 14 ಲಕ್ಷಕ್ಕೆ ಗುತ್ತಿಗೆಯ ಹಣ ಬಡ್ಡಿಸಹಿತ 0.89 ಲಕ್ಷ ಸೇರಿ 14.89 ಲಕ್ಷ. ಕಾಯುವುದೇ ಲಾಭವೆಂದು ತೋರುತ್ತದೆ. ಆದರೆ ಭೂಮಿಯ ಬೆಲೆ 12.22 ಲಕ್ಷಕ್ಕಿಂತ ಮೇಲೇರದಿದ್ದರೆ ಲಾಭವಿಲ್ಲ. ಎಂದರೆ ಕನಿಷ್ಠ ಶೇಕಡ 22ರ ಏರಿಕೆ ಆಗಲೇಬೇಕು. ಇನ್ನು ಆರೈಕೆ ತಪ್ಪಿ ಎಕರೆಗೆ 3 ಲಕ್ಷದಷ್ಟು ಗಿಡಗಳು ಹಾಳಾದವೆನ್ನೋಣ. ಆಗ ಕಾದವನಿಗೆ ಬರುವುದು 11.89 ಲಕ್ಷ ಮಾತ್ರ. ಅದು ಮಾರಿದವನಿಗಿಂತ ಕಡಿಮೆ.

ಹಣವನ್ನು ಹೊರದೇಶಕ್ಕೆ ಒಯ್ಯುವವನ ಲೆಕ್ಕ ಬೇರೆ. ರೂಪಾಯಿಯು ವರ್ಷಕ್ಕೆ ಶೇಕಡ 3ರಂತೆ ಇಳಿದರೆ 4 ವರ್ಷಗಳ ಕೊನೆಯ 14.89 ಲಕ್ಷವು ಇಂದಿನ ವಿನಿಮಯದಲ್ಲಿ 13.18 ಲಕ್ಷಕ್ಕೆ ಸಮ. ಇಂದೇ ಒಯ್ದ 10 ಲಕ್ಷವು ಅಲ್ಲಿ ಶೇಕಡ 4ರಂತೆ ಬೆಳೆದರೆ 11.70 ಲಕ್ಷ. ಆರೈಕೆ ತಪ್ಪಿದ ತೋಟವಾದರೆ ಕಾದವನಿಗೆ 10.53 ಲಕ್ಷ. ಈ ಎಲ್ಲ ಸಾಲುಗಳನ್ನು ಹೋಲಿಸಿ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ನಿರ್ಣಯವನ್ನು ಅಡಿಮೇಲು ಮಾಡುವುದು ಬಡ್ಡಿಯ ದರವೂ ಅಲ್ಲ, ವಿನಿಮಯದ ದರವೂ ಅಲ್ಲ; ತೋಟ ಯಾರ ಕೈಯಲ್ಲಿದೆ ಎಂಬುದು.

8. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳು ಹೊರಡುತ್ತವೆ. ನಂಬಿಕೆಯ ಮೇಲ್ವಿಚಾರಣೆ ಇಲ್ಲದ ಒಡೆಯನು ಇಳಿಬೆಲೆಯಲ್ಲಿ ಮಾರಿದರೂ ಅದು ಅವಿವೇಕವಲ್ಲ. ಮೇಲ್ವಿಚಾರಣೆಯುಳ್ಳವನು ಪೇಟೆಯಿಂದ ಬಂದ ಇಳಿತಕ್ಕೆ ಹೆದರಿ ಮಾರುವುದು ಬಹುಶಃ ಅವಿವೇಕ. ಗುತ್ತಿಗೆ ಕೊಡುವುದಾದರೆ ಒಂದು ವರ್ಷದ ಗುತ್ತಿಗೆಗಿಂತ, ಕಸಿಯ ಫಲ ಕಸಿ ಮಾಡಿದವನಿಗೇ ದೊರೆಯುವಷ್ಟು ದೀರ್ಘವಾದ, ನೋಂದಾಯಿತ ಕರಾರು ಲೇಸು. ಗಿಡಗಳ ಎಣಿಕೆ, ನೆರಳು ಮರಗಳ ಪಟ್ಟಿ, ಹುಳುಗಿಡ ಕೀಳುವ ಹೊಣೆ ಇವು ಕರಾರಿನಲ್ಲಿ ಇರತಕ್ಕದ್ದು. ಸ್ಥಿರ ಗುತ್ತಿಗೆಗೆ ಬದಲಾಗಿ ಫಸಲಿನ ಪಾಲನ್ನು ಗೊತ್ತುಪಡಿಸಿದರೆ ಧಾರಣೆಯ ಏರಿಳಿತವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ.

ಈ ಲೆಕ್ಕದಲ್ಲಿ ಕಾಣದ ಒಂದು ಪಕ್ಷವೂ ಇದೆ: ಲೈನುಮನೆಯ ಕಾರ್ಮಿಕರು. 1951ರ ತೋಟ ಕಾರ್ಮಿಕರ ಅಧಿನಿಯಮವು ವಸತಿ, ವೈದ್ಯಕೀಯ ಮುಂತಾದ ಹೊಣೆಗಳನ್ನು ಒಡೆಯನ ಮೇಲೆ ಹೊರಿಸಿತ್ತು. 2025ರ ನವೆಂಬರಿನಿಂದ ಆ ವಿಷಯವು ಹೊಸ ಕಾರ್ಮಿಕ ಸಂಹಿತೆಯ ಅಡಿಗೆ ಬಂದಿದೆ. ತೋಟ ಮಾರಾಟವಾಗದೆ, ಗುತ್ತಿಗೆಗೂ ಹೋಗದೆ ಪಾಳು ಬಿದ್ದಾಗ ಒಡೆಯನು ಆದಾಯವನ್ನು ಕಳೆದುಕೊಳ್ಳುತ್ತಾನೆ. ಕಾರ್ಮಿಕನು ಕೆಲಸದೊಡನೆ ಮನೆಯನ್ನೂ ಕಳೆದುಕೊಳ್ಳುತ್ತಾನೆ. ಆದುದರಿಂದ ಕಡಲಾಚೆಯ ಒಡೆಯನ ನಿರ್ಣಯ ಅವನ ಖಾಸಗಿ ಲೆಕ್ಕವಷ್ಟೇ ಅಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಚಿಕ್ಕಮಗಳೂರು, ಮೂಡಿಗೆರೆಗಳ ಉಪನೋಂದಣಿ ಕಚೇರಿಗಳ ಕ್ರಯಪತ್ರಗಳ ವಾರ್ಷಿಕ ಸಂಖ್ಯೆಯನ್ನು ಕಾಫಿಯ ಧಾರಣೆಯ ಪಕ್ಕದಲ್ಲಿಟ್ಟು ನೋಡಿದರೆ, ಇಳಿಬೆಲೆಯಲ್ಲಿ ಮೊದಲು ಕುಗ್ಗುವುದು ಬೆಲೆಯೋ ವ್ಯವಹಾರವೋ ಎಂಬ ಪ್ರಶ್ನೆಗೆ ಅಂಕಿಗಳ ಆಧಾರದ ಉತ್ತರ ದೊರೆಯುವುದು. ಅಂಥ ಅಧ್ಯಯನಕ್ಕೆ ಈ ಲೇಖನವು ಪ್ರಸ್ತಾವನೆಯಾದರೆ ಸಾಕು.